ಶುಕ್ರವಾರಕ್ಕೊಂದು ತಲೆ

ನಮ್ಮ ಕಡೆಯ ಹೆಂಗಸರ ತಲೆಗೂದಲಿನ ವಿಷಯ ವಿಜಯಕ್ಕನಿಗೆ ಗೊತ್ತಿದ್ದಷ್ಟು ನಮ್ಮ ಗಂಡಂದಿರಿಗೂ ಗೊತ್ತಿರಲಿಲ್ಲ. ಯಾರಿಗೆ ನೆತ್ತಿಯ ಮೇಲೆ ತೆಳ್ಳಗಾಗಿದೆ, ಯಾರಿಗೆ ಹೆರಿಗೆಯಾದ ಮೇಲೆ ಹಿಡಿ ಹಿಡಿ ಉದುರಿತು, ಯಾರು ಬಣ್ಣ ಹಚ್ಚಿಸಿಕೊಂಡು “ನಮ್ಮ ವಂಶದಲ್ಲಿ ಅರವತ್ತಾದರೂ ಬೆಳ್ಳಗಾಗಲ್ಲ” ಎಂದು ಕೊಚ್ಚಿಕೊಳ್ಳುತ್ತಾರೆ, ಎಲ್ಲ ಅವರ ಬೆರಳಿಗೆ ಗೊತ್ತಿತ್ತು. ಆದರೆ ಬೆರಳಿನಿಂದ ಬಾಯಿಗೆ ಬರುತ್ತಿರಲಿಲ್ಲ. ಅದು ಅವರ ದೊಡ್ಡ ಗುಣ. ನನಗೆ ಆ ಗುಣ ಇಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಶ್ರೀವಿದ್ಯಾ, ಇರುವುದು ಅಮೆರಿಕದಲ್ಲಿ. ನಾರ್ತ್ ಕ್ರೀಕ್‌ನ ಆಫೀಸೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಮನೆಯಲ್ಲೂ ಇವಳಿಗೆ ಅದೇ ಕೆಲಸ ಎಂದು ನನ್ನ ಗಂಡ ಬಂದವರ ಮುಂದೆಲ್ಲ ಹೇಳುತ್ತಾನೆ. 2013ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ತಿಂಗಳಿಗೊಂದು ಭಾನುವಾರ ನಾನು ಟೋಟೆಮ್ ಲೇಕ್‌ನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿ ಹತ್ತಿ, ವಿಜಯಕ್ಕನ ಅಡುಗೆಮನೆಯ ಕುರ್ಚಿಯಲ್ಲಿ ಕೂತು ತಲೆ ಬಗ್ಗಿಸಿದ್ದೇನೆ. ನನ್ನಂಥವರು ಸುಮಾರು ನಲವತ್ತು ಜನ ಇದ್ದೆವು. ಬಾಥೆಲ್‌ನವರು, ಕರ್ಕ್‌ಲ್ಯಾಂಡ್‌ನವರು, ಎಲ್ಲರೂ ಕನ್ನಡದವರು. ಒಬ್ಬರಿಂದ ಒಬ್ಬರಿಗೆ ಬಾಯಿಮಾತಿನಲ್ಲೇ ಹಬ್ಬಿದ್ದು. ಬಾಗಿಲಿಗೆ ಬೋರ್ಡ್ ಇರಲಿಲ್ಲ, ಹಾಕುವಂತೆಯೂ ಇರಲಿಲ್ಲ, ಏಕೆಂದರೆ ವಿಜಯಕ್ಕನಿಗೆ ಈ ರಾಜ್ಯದ ಲೈಸೆನ್ಸ್ ಇರಲಿಲ್ಲ.

ಹಾಗೆಂದು ಕೆಲಸ ಬಾರದವರಲ್ಲ. ಮೈಸೂರಿನ ಅಶೋಕಪುರಂನಲ್ಲಿ ಹುಟ್ಟಿದ್ದು, ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಬಿ.ಕಾಂ. ಎರಡನೇ ವರ್ಷಕ್ಕೇ ಬಿಟ್ಟು ಬ್ಯೂಟಿಷಿಯನ್ ಕೋರ್ಸ್ ಸೇರಿದಾಗ ಅವರಮ್ಮ ಮೂರು ದಿನ ಮಾತು ಬಿಟ್ಟಿದ್ದರಂತೆ. ಕುವೆಂಪುನಗರದಲ್ಲಿ ಯಾರದೋ ಮನೆಯ ಕಾರ್ ಶೆಡ್ಡನ್ನು ಬಾಡಿಗೆಗೆ ಹಿಡಿದು ಲೇಡೀಸ್ ಪಾರ್ಲರ್ ಇಟ್ಟರು. ಅದರ ಬಾಗಿಲಿಗೆ ‘ಗಂಡಸರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡ್. ತಂಗಿಯನ್ನು ಸ್ಕೂಟರಿನಲ್ಲಿ ಕರೆತರುತ್ತಿದ್ದ ವಾಸುದೇವ ಎಂಬ ಇಂಜಿನಿಯರು ಆ ಬೋರ್ಡಿನ ಕೆಳಗೆ ಎಂಟು ತಿಂಗಳು ನಿಂತರು. “ತಂಗಿ ಹುಬ್ಬು ಪಾಪ ನೂಲಿನಷ್ಟಾಗಿತ್ತು, ಇನ್ನೂ ಕರ್ಕೊಂಡು ಬರ್ತಾನೇ ಇದ್ರು,” ಎಂದು ವಿಜಯಕ್ಕ ನಗುತ್ತಿದ್ದರು. ಗಂಡನ ವಿಷಯ ಹೇಳುವಾಗ ಅವರು ನಗುತ್ತಿದ್ದದ್ದು ಅದೊಂದು ಕಥೆಗೆ ಮಾತ್ರ.

ಮದುವೆಯಾಗಿ ಇದೇ ದೇಶದ ಇನ್ನೊಂದು ರಾಜ್ಯದ ಫೀನಿಕ್ಸ್‌ಗೆ ಬಂದರು. ಅಲ್ಲಿ ಒಂದೂವರೆ ವರ್ಷ ಮತ್ತೆ ಸ್ಕೂಲಿಗೆ ಹೋಗಿ, ಬಂದ ವಿದ್ಯೆಯನ್ನೇ ಇಂಗ್ಲಿಷಿನಲ್ಲಿ ಕಲಿತು, ಲೈಸೆನ್ಸ್ ತೆಗೆದುಕೊಂಡು, ಆರು ವರ್ಷ ಒಂದು ಅಂಗಡಿಯಲ್ಲಿ ದುಡಿದರು. 2012ರ ಕೊನೆಯಲ್ಲಿ ವಾಸುದೇವ ಅವರಿಗೆ ಇಲ್ಲಿ ಕೆಲಸ ಸಿಕ್ಕಿತು. ಮುಂದಿನ ಮಾರ್ಚ್‌ನಲ್ಲಿ, ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರಿನ ಬಾಗಿಲು ತೆಗೆಯುತ್ತಿದ್ದವರು ಹಾಗೇ ಕುಸಿದರು. ಆಗ ವಿಜಯಕ್ಕನಿಗೆ ಮೂವತ್ತೊಂಬತ್ತು. ಮಕ್ಕಳಿಲ್ಲ. ಲೈಸೆನ್ಸ್ ನವೀಕರಿಸಿ ಎಂಬ ಕಾಗದ ಫೀನಿಕ್ಸ್‌ನ ಹಳೇ ವಿಳಾಸಕ್ಕೆ ಹೋಯಿತು. ಗಂಡ ಸತ್ತ ತಿಂಗಳಲ್ಲಿ ಯಾರಿಗೆ ಆ ಕಾಗದದ ನೆನಪಿರುತ್ತದೆ? ಲೈಸೆನ್ಸ್ ಕೈತಪ್ಪಿತು. ಇಲ್ಲಿ ಕತ್ತರಿ ಹಿಡಿಯಬೇಕಾದರೆ ಹೊಸದಾಗಿ ಪರೀಕ್ಷೆ ಕೊಡಬೇಕು ಎಂದರು.

ಮೈಸೂರಿಗೆ ವಾಪಸು ಹೋಗಬಹುದಿತ್ತಲ್ಲ ಎಂದು ನಾನೇ ಒಮ್ಮೆ ಕೇಳಿದ್ದೆ. ಕೇಳಬಾರದ್ದನ್ನು ಕೇಳುವುದು ನನ್ನ ಚಾಳಿ. “ಹೋಗಿ ತಮ್ಮನ ಮನೆಯಲ್ಲಿ ಯಾವ ಮೂಲೇಲಿ ಕೂರ್ಲಿ ಹೇಳು. ಇಲ್ಲಾದ್ರೆ ಬಾಗಿಲಾದ್ರೂ ನಂದು,” ಎಂದರು.

ಆ ಬಾಗಿಲು ನಾವು ಹೋದಾಗ ತೆರೆಯುತ್ತಿತ್ತು, ನಾವು ಬಂದ ಮೇಲೆ ಮುಚ್ಚುತ್ತಿತ್ತು. ವಾರದ ದಿನಗಳಲ್ಲಿ ಬಾಥೆಲ್‌ನ ಒಂದು ಇಂಡಿಯನ್ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ. ಭಾನುವಾರ ನಾವು. ಕಿಟಕಿಯ ಪಕ್ಕಕ್ಕೆ ಕುರ್ಚಿ ಎಳೆದು, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಕುತ್ತಿಗೆಗೆ ವಾಸುದೇವ ಅವರ ಹಳೇ ಪಂಚೆ ಸುತ್ತಿ, “ತಲೆ ಬಗ್ಸು ಪುಟ್ಟಾ” ಎನ್ನುತ್ತಿದ್ದರು. ಕತ್ತರಿಸಿ ಆದ ಮೇಲೆ ಕಾಫಿ ಕೊಡದೆ ಕಳಿಸುತ್ತಿರಲಿಲ್ಲ. ಒಂದು ಸಲ ನಾನು ಮರೆತ ಕನ್ನಡಕ ತರಲು ಸೋಮವಾರ ಬೆಳಿಗ್ಗೆ ಹೋದೆ. ನೆಲದ ಮೇಲೆ ಹಿಂದಿನ ದಿನದ ಕೂದಲು ಹಾಗೇ ಬಿದ್ದಿತ್ತು, ಆರೇಳು ಜನರದ್ದು. ಅಷ್ಟು ಚೊಕ್ಕಟದ ಹೆಂಗಸು! “ದೀಪ ಹಚ್ಚಿದ ಮೇಲೆ ಗುಡಿಸಬಾರದಲ್ವಾ,” ಎಂದು ಮೊದಲು ಶಾಸ್ತ್ರ ಹೇಳಿದರು. ಆಮೇಲೆ ನನ್ನ ಕಡೆ ನೋಡದೆ, “ಬೆಳಿಗ್ಗೆ ತನಕ ಬಿಡ್ತೀನಿ ಕಣೆ. ಮನೇಲಿ ಜನ ಇದ್ದಂಗಿರುತ್ತೆ,” ಎಂದರು. ನಾನು ಕನ್ನಡಕ ತೆಗೆದುಕೊಂಡು ಆಫೀಸಿಗೆ ಹೋದೆ.

ಇನ್ನೊಂದು ವಿಷಯ ಹೇಳಿಬಿಡಬೇಕು. ಹಬ್ಬದ ಹಿಂದಿನ ದಿನ ಹುಬ್ಬು ತೆಗೆಸಿಕೊಳ್ಳಲು ಅವರ ಮನೆಯಲ್ಲಿ ಕ್ಯೂ. ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಅವರಿಗೆ ಕರೆ ಇಲ್ಲ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಕರೆದರೆ ಅವರಿಗೇ ಮುಜುಗರ ಆದೀತು ಎಂದು ನಾವು ನಾವೇ ಹೇಳಿಕೊಂಡೆವು. ಎಂ.ಟೆಕ್. ಮಾಡಿದವರು, ಎರಡೆರಡು ಕಾರು ಇಟ್ಟವರು, ಗಂಡನನ್ನು ಹೆಸರು ಹಿಡಿದು ಕರೆಯುವವರು ನಾವು. ಆದರೂ ಕರೆಯಲಿಲ್ಲ.

2015ರ ಬೇಸಿಗೆಗೆ ಬರುತ್ತೇನೆ. ಆ ಜೂನ್‌ನಲ್ಲಿ ಊರಲ್ಲಿ ನನ್ನ ತಮ್ಮನ ಮದುವೆ. ಶನಿವಾರ ಬೆಳಗಿನ ವಿಮಾನ. ಹಿಂದಿನ ಸಂಜೆ ಸೂಟ್‌ಕೇಸಿನ ಗಲಾಟೆಯ ನಡುವೆ ಕನ್ನಡಿ ನೋಡಿಕೊಂಡರೆ ತಲೆ ಕಾಗೆ ಗೂಡಾಗಿತ್ತು. ಹೇಳದೆ ಕೇಳದೆ ಹೋಗಿ ವಿಜಯಕ್ಕನ ಬಾಗಿಲು ತಟ್ಟಿದೆ. ಬೇಡ ಎನ್ನಲಿಲ್ಲ. ಮುಕ್ಕಾಲು ಗಂಟೆಯಲ್ಲಿ ನನ್ನನ್ನು ಮನುಷ್ಯಳನ್ನಾಗಿ ಮಾಡಿ ಕಳಿಸಿದರು. ಮದುವೆಮನೆಯಲ್ಲಿ ಎಲ್ಲರೂ ಅಮೆರಿಕದ ಕಟಿಂಗ್ ನೋಡು ಎಂದರು.

ವಾಪಸು ಬರುವ ಹೊತ್ತಿಗೆ ಇಲ್ಲಿ ಟಿವಿ ಹಾಕಿದರೆ ಬರೀ ಸಾಲದಲ್ಲಿ ಮುಳುಗಿದ ಗ್ರೀಸ್ ದೇಶದ ಸುದ್ದಿ. ಅದರಿಂದ ಅತಿ ಹೆಚ್ಚು ಸಂತೋಷಪಟ್ಟವನು ಸಂದೀಪ್. ನನ್ನ ಸ್ನೇಹಿತೆ ನಂದಿತಾಳ ಗಂಡ, ಮದ್ದೂರಿನ ಕಡೆಯವನು, ದೊಡ್ಡ ಕಂಪನಿಯೊಂದರಲ್ಲಿ ಮ್ಯಾನೇಜರ್. ಆದರೆ ಮಾತಿಗೆ ಕೂತರೆ ಲೋಕದ ಹಣಕಾಸೆಲ್ಲ ಇವನ ಸುಪರ್ದಿಯಲ್ಲೇ ಇರುವಂತೆ. ಹೆಂಡತಿ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತಿದ್ದರೆ ಇವನು ವಿಜಯಕ್ಕನ ಸೋಫಾದಲ್ಲಿ ಕೂತು ಭಾಷಣ ಮಾಡುತ್ತಿದ್ದ.

“ನೋಡಿ ಅಕ್ಕಾ, ಯೂರೋಪಲ್ಲಿ ಹತ್ತೊಂಬತ್ತು ದೇಶಕ್ಕೆ ಒಂದೇ ದುಡ್ಡು. ಟೊಮ್ಯಾಟೊ ಗಡಿ ದಾಟುತ್ತೆ, ಕಾರ್ ದಾಟುತ್ತೆ, ದುಡ್ಡಂತೂ ದಾಟ್ತಾನೇ ಇರುತ್ತೆ. ಆದ್ರೆ ಸರ್ವೀಸ್ ದಾಟಲ್ಲ. ಲಾಯರ್ ಇರ್ಲಿ, ಔಷಧಿ ಅಂಗಡಿಯವನಿರ್ಲಿ, ಕಟಿಂಗ್ ಮಾಡೋನಿರ್ಲಿ, ಎಲ್ಲರಿಗೂ ನೂರೆಂಟು ರೂಲ್ಸು. ಒಳಗಿರೋರು ಗೇಟ್ ಹಾಕ್ಕೊಂಡು ಕೂತಿದಾರೆ. ಕಾಂಪಿಟಿಷನ್ನೇ ಇಲ್ಲ. ಅದಕ್ಕೇ ಈ ಗತಿ.”

“ಇಲ್ಲೂ ಅಷ್ಟೇ ಅಲ್ವಾ ಸಂದೀಪ್,” ಎಂದರು ವಿಜಯಕ್ಕ, ಬಾಚಣಿಗೆಯಲ್ಲಿ ಬೈತಲೆ ತೆಗೆಯುತ್ತ. “ಫೀನಿಕ್ಸ್‌ನಲ್ಲಿ ದುಡಿದ ಡಾಲರ್ ಇಲ್ಲಿ ನಡೆಯುತ್ತೆ. ಫೀನಿಕ್ಸ್‌ನಲ್ಲಿ ದುಡಿದ ಕೈ ನಡೆಯಲ್ಲ.”

“ಎಕ್ಸಾಕ್ಟ್ಲಿ! ಎಲ್ಲ ಓಪನ್ ಮಾಡ್ಬೇಕು ಅಕ್ಕಾ. ರಿಫಾರ್ಮ್ ಆಗ್ಬೇಕು. ಆಗ ನೋಡಿ, ನಿಮ್ಮಂಥೋರು ಎಲ್ಲಿಗೆ ಬೇಕಾದ್ರೂ ಹೋಗಿ ಅಂಗಡಿ ತೆಗೀಬಹುದು.”

ಅವನು ಹೇಳಿದ್ದು ಸುಳ್ಳಲ್ಲ. ಅವನ ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಚಿಕ್ಕತಾಯಮ್ಮನವರು ಮಾತ್ರ ಮಗನ ಭಾಷಣಕ್ಕೆ ಕಿವಿಗೊಡದೆ ವಿಜಯಕ್ಕನ ಕೈಯನ್ನೇ ನೋಡುತ್ತಿದ್ದರು. ಆರು ತಿಂಗಳಿಗೆಂದು ಮದ್ದೂರಿನಿಂದ ಬಂದಿದ್ದ ಎಪ್ಪತ್ತರ ಮುದುಕಿ. ಗಂಡ ತೀರಿಕೊಂಡು ಹತ್ತು ವರ್ಷ. ಬೆನ್ನ ಮೇಲೆ ಬಿಳಿ ಜಡೆ, ಸೊಂಟದವರೆಗೆ. ಸುಮ್ಮನೆ ಕೂರುವ ಅಭ್ಯಾಸ ಇಲ್ಲದವರು, ಬಂದಾಗಲೆಲ್ಲ ವಿಜಯಕ್ಕನ ಫ್ರಿಜ್ಜಿನಿಂದ ಮೆಂತ್ಯ ಸೊಪ್ಪೋ ಹುರುಳಿಕಾಯೋ ತೆಗೆಸಿಕೊಂಡು ಬಿಡಿಸುತ್ತ ಕೂರುತ್ತಿದ್ದರು.

ಜುಲೈನಲ್ಲಿ ವಿಜಯಕ್ಕನಿಗೆ ಒಂದು ಬಾಗಿಲು ತೆರೆಯಿತು. ಟೋಟೆಮ್ ಲೇಕ್‌ನಲ್ಲೇ ಸಲೂನ್ ಇಟ್ಟಿದ್ದ ವಿಯೆಟ್ನಾಮಿನ ಹೆಂಗಸೊಬ್ಬಳು ಕೊತ್ತಂಬರಿ ಸೊಪ್ಪಿಗೆಂದು ಆ ಇಂಡಿಯನ್ ಅಂಗಡಿಗೆ ಬರುತ್ತಿದ್ದಳು. ಒಂದು ದಿನ ಬಿಲ್ಲಿನ ದುಡ್ಡು ಕೊಡುತ್ತ ವಿಜಯಕ್ಕನ ತಲೆ ನೋಡಿ, ಯಾರು ಕತ್ತರಿಸಿದ್ದು ಎಂದು ಕೇಳಿದಳು. ನಾನೇ, ಎರಡು ಕನ್ನಡಿ ಇಟ್ಟುಕೊಂಡು, ಎಂದರು ಇವರು. ಹಿಂದುಗಡೆಯೂ? ಹಿಂದುಗಡೆಯೂ. ಆಕೆ ಅಲ್ಲೇ ನಿಂತು ಇವರನ್ನು ಒಂದು ಸುತ್ತು ತಿರುಗಿಸಿ ನೋಡಿದಳಂತೆ. ತನ್ನ ಸಲೂನಿನಲ್ಲಿ ಒಂದು ಕುರ್ಚಿ ಖಾಲಿಯಾಗುತ್ತಿದೆ, ಸೆಪ್ಟೆಂಬರ್ ಒಂದನೇ ತಾರೀಖಿನವರೆಗೆ ಇಟ್ಟಿರುತ್ತೇನೆ, ಲೈಸೆನ್ಸ್ ಹಿಡಿದುಕೊಂಡು ಬಾ ಎಂದಳು.

ಆ ದಿನ ವಿಜಯಕ್ಕ ನನಗೆ ಫೋನ್ ಮಾಡಿದರು. ಎಂದೂ ಮಾಡಿದವರಲ್ಲ. “ಶ್ರೀವಿದ್ಯಾ, ನಂಗೊಂದು ಕುರ್ಚಿ ಸಿಕ್ತು ಕಣೆ,” ಎಂದರು. ಧ್ವನಿ ಹುಡುಗಿಯದಾಗಿತ್ತು. ನಾನೂ ಕುಣಿದಾಡಿದೆ. ಬಾಯಲ್ಲಿ.

ಬರೆಯುವ ಪರೀಕ್ಷೆಯನ್ನು ಮೊದಲ ಸಲಕ್ಕೇ ಮುಗಿಸಿದರು. ಉಳಿದದ್ದು ಕೈಕೆಲಸದ್ದು. ಎವರೆಟ್ ಕಡೆಯ ಒಂದು ಸೆಂಟರ್. ಅಲ್ಲಿ ಸೆಪ್ಟೆಂಬರಿಗೆ ಮುಂಚೆ ಖಾಲಿ ಇದ್ದದ್ದು ಒಂದೇ ದಿನ, ಆಗಸ್ಟ್ ಇಪ್ಪತ್ತೆಂಟು, ಬೆಳಿಗ್ಗೆ ಒಂಬತ್ತು. ಗೊಂಬೆ ತಲೆ ನಡೆಯುವುದಿಲ್ಲ, ಉದ್ದ ಕೂದಲಿನ ಒಬ್ಬರನ್ನು ನೀವೇ ಕರೆತರಬೇಕು ಎಂದಿತ್ತು. ಅದೇನು ದೊಡ್ಡ ವಿಷಯ, ನಲವತ್ತು ತಲೆಗಳಿವೆ ಎಂದುಕೊಂಡು ಬುಕ್ ಮಾಡಿದರು. ಆಗಸ್ಟ್ ಇಪ್ಪತ್ತೆಂಟು ಶುಕ್ರವಾರ. ಬರೀ ಶುಕ್ರವಾರವಲ್ಲ, ವರಮಹಾಲಕ್ಷ್ಮಿ ಹಬ್ಬ. ಮೈಸೂರಿನ ಹೆಂಗಸು ಪಂಚಾಂಗ ನೋಡದೆ ದಿನ ಗೊತ್ತು ಮಾಡಿದಳಾ ಎಂದು ನೀವು ಕೇಳಬಹುದು. ಎರಡು ವರ್ಷದಿಂದ ಯಾವ ಹಬ್ಬಕ್ಕೂ ಯಾರೂ ಕರೆಯದಿದ್ದರೆ ಪಂಚಾಂಗದಲ್ಲಿ ನೋಡುವುದಕ್ಕೆ ಏನಿರುತ್ತದೆ?

ನಮ್ಮ ಹೆಂಗಸರ ವಾಟ್ಸಾಪ್ ಗ್ರೂಪಿಗೆ ಅವರು ಮೆಸೇಜ್ ಹಾಕಿದರು. ಯಾರಾದರೂ ಒಬ್ಬರು ಬನ್ನಿ, ಎರಡೂವರೆ ಗಂಟೆ, ನಾನೇ ಕರೆದೊಯ್ದು ನಾನೇ ಬಿಡುತ್ತೇನೆ. ‘ಆಲ್ ದಿ ಬೆಸ್ಟ್ ಅಕ್ಕಾ’ ಎಂದು ಹದಿನೆಂಟು ಉತ್ತರ ಬಂತು. ಕೈಮುಗಿದ ಚಿತ್ರಗಳು ಬಂದವು, ಹೂವಿನ ಚಿತ್ರಗಳು ಬಂದವು. ಬರುತ್ತೇನೆ ಎಂಬ ಒಂದು ಮಾತು ಬರಲಿಲ್ಲ.

ಹಬ್ಬಕ್ಕೆ ಮುಂಚಿನ ಭಾನುವಾರ ನಾನು ನನ್ನ ಸರದಿಗೆ ಕಾಯುತ್ತಿದ್ದೆ. ನಂದಿತಾ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಹುಬ್ಬು ತೆಗೆಸಿಕೊಳ್ಳುತ್ತಿದ್ದಳು. ಸಂದೀಪ್ ಸೋಫಾದಲ್ಲಿ, ಚಿಕ್ಕತಾಯಮ್ಮ ಅವನ ಪಕ್ಕದಲ್ಲಿ ಸೊಪ್ಪಿನ ಕಟ್ಟಿನೊಂದಿಗೆ. ವಿಜಯಕ್ಕ ಹಲ್ಲಿನ ನಡುವೆ ಕಚ್ಚಿದ್ದ ದಾರವನ್ನು ತೆಗೆದರು.

“ನಂದಿತಾ, ಶುಕ್ರವಾರ ಬೆಳಿಗ್ಗೆ ನೀನು ಬರ್ತೀಯಾ? ನಿನ್ನ ಕೂದಲು ಉದ್ದ ಇದೆ, ನಾಲ್ಕು ಇಂಚು ತೆಗೆದ್ರೂ ಗೊತ್ತಾಗಲ್ಲ. ಹನ್ನೆರಡರೊಳಗೆ ಮನೇಗೆ ಬಿಡ್ತೀನಿ.”

ನಂದಿತಾ ಕಣ್ಣು ತೆರೆಯಲಿಲ್ಲ. “ಅಯ್ಯೋ ಅಕ್ಕಾ, ಅವತ್ತು ವರಮಹಾಲಕ್ಷ್ಮಿ ಅಲ್ವಾ. ಸಂಜೆ ಮೂವತ್ತು ಜನಾನ ಕರೆದಿದೀನಿ. ಹಬ್ಬದ ದಿನ, ಅದೂ ಶುಕ್ರವಾರ, ಕೂದಲಿಗೆ ಕತ್ತರಿ ಅಂದ್ರೆ…” ಎಂದು ಗಂಡನ ಕಡೆಗೆ ಮುಖ ತಿರುಗಿಸಿದಳು.

“ನಮಗೇನಿಲ್ಲ ಅಕ್ಕಾ,” ಎಂದ ಸಂದೀಪ್. “ಆದ್ರೆ ಅಮ್ಮ ಒಪ್ಪಲ್ಲ. ಹಳೇ ಕಾಲದೋರು, ಏನ್ ಮಾಡೋದು.”

ಯೂರೋಪಿನ ಗೇಟನ್ನೆಲ್ಲ ಕಿತ್ತು ಹಾಕಬೇಕು ಎಂದಿದ್ದವನು ಇವನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಅವನು ಯಾರ ಹೆಸರು ಹೇಳಿದನೋ ಆ ಅಮ್ಮ ಒಂದು ಮೊಳ ದೂರದಲ್ಲಿ ಕೂತಿದ್ದರು. ಸೊಪ್ಪು ಬಿಡಿಸುತ್ತಿದ್ದ ಅವರ ಕೈ ಒಂದು ಕ್ಷಣ ನಿಂತಿತು, ಮತ್ತೆ ಬಿಡಿಸತೊಡಗಿತು. ಅವರನ್ನು ಯಾರೂ ಏನೂ ಕೇಳಲಿಲ್ಲ.

ವಿಜಯಕ್ಕ ನನ್ನ ಕಡೆ ತಿರುಗಿದರು. “ಶ್ರೀವಿದ್ಯಾ, ನೀನು?”

ನೇರವಾಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು. ಕೇಳಿ, ಕಾದರು.

“ನಮ್ಮನೇಲೂ ಶುಕ್ರವಾರ ಕೂದಲು ಮುಟ್ಟಲ್ಲ ಅಕ್ಕಾ. ಹಬ್ಬ ಬೇರೆ,” ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. “ಇಂಟರ್ನೆಟ್ಟಲ್ಲಿ ಹಾಕಿ ನೋಡಿ. ಫ್ರೀ ಹೇರ್‌ಕಟ್ ಅಂದ್ರೆ ಅಮೆರಿಕನ್ಸ್ ಯಾರಾದ್ರೂ ಬರ್ತಾರೆ.”

“ಬರ್ತಾರೆ,” ಎಂದರು ವಿಜಯಕ್ಕ. “ನಲವತ್ತು ಜನ ಅಕ್ಕಾ ಅಕ್ಕಾ ಅಂತೀರಿ. ಅದರಲ್ಲಿ ಒಬ್ಬರೂ ಬರಲ್ಲ ಅಂದ್ರೆ, ದಾರೀಲಿ ಹೋಗೋರನ್ನ ಕರ್ಕೊಂಡು ನಾನ್ಯಾಕೆ ಹೋಗ್ಲಿ? ಹೋಗಲ್ಲ. ಬಿಲ್ಲಿಂಗೇ ಸಾಕು ನನಗೆ.” ಕೋಪ ಇರಲಿಲ್ಲ. ದಾರದ ತುದಿಯನ್ನು ಮತ್ತೆ ಹಲ್ಲಿಗೆ ಕಚ್ಚಿಕೊಂಡು ನಂದಿತಾಳ ಇನ್ನೊಂದು ಹುಬ್ಬಿಗೆ ಬಾಗಿದರು. ಅವತ್ತು ಕಾಫಿ ಕೊಟ್ಟರು, ಆದರೆ ತಮಗೆ ಮಾಡಿಕೊಳ್ಳಲಿಲ್ಲ.

ಶುಕ್ರವಾರ ಸಂಜೆ ನಂದಿತಾಳ ಬಾಥೆಲ್ ಮನೆ ತುಂಬ ರೇಷ್ಮೆ ಸೀರೆ. ಕಳಶಕ್ಕೆ ಬೆಳ್ಳಿ ಮುಖ ಇಟ್ಟು, ಸೀರೆ ಉಡಿಸಿ, ಕಾಸ್ಟ್ಕೊ ಅಂಗಡಿಯ ಗುಲಾಬಿಯಲ್ಲಿ ಅಲಂಕಾರ ಮಾಡಿದ್ದಳು. ಎಲ್ಲರ ಹುಬ್ಬೂ ವಿಜಯಕ್ಕನ ಕೈಯಲ್ಲಿ ತೀಡಿದ್ದು, ಒಬ್ಬರನ್ನು ನೋಡಿದರೆ ಇನ್ನೊಬ್ಬರನ್ನು ನೋಡಿದಂತೆ. ಸಂದೀಪ್ ಮಾತ್ರ ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದ.

“ಅಮ್ಮ ಬೆಳಿಗ್ಗೆ ಎಂಟಕ್ಕೆ ಹೋದೋರು ಇನ್ನೂ ಬಂದಿಲ್ಲ. ಯಾರೋ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ತಾರೆ ಅಂದ್ರು. ಮಧ್ಯಾಹ್ನ ಫೋನ್ ಮಾಡಿ, ಊಟ ಆಯ್ತು, ನಿಧಾನಕ್ಕೆ ಬತ್ತೀನಿ ಅಂದ್ರು. ಯಾರ ಜೊತೆ ಅಂದ್ರೆ ಹೇಳಲ್ಲ.”

ಆರು ಗಂಟೆಯ ಸುಮಾರಿಗೆ ಮನೆಯ ಮುಂದೆ ಒಂದು ಬೂದು ಬಣ್ಣದ ಕಾರು ನಿಂತಿತು. ನಾನು ಕಿಟಕಿಯ ಬಳಿ ಕುಂಕುಮದ ತಟ್ಟೆ ಹಿಡಿದು ನಿಂತಿದ್ದೆ. ಆ ಕಾರು ನನಗೆ ಗೊತ್ತು, ಅದು ವಾಸುದೇವ ಅವರದ್ದು. ಚಿಕ್ಕತಾಯಮ್ಮ ಇಳಿದರು, ಸೆರಗನ್ನು ತಲೆ ತುಂಬ ಹೊದ್ದಿದ್ದರು. ಡ್ರೈವರ್ ಸೀಟಿನಲ್ಲಿದ್ದ ವಿಜಯಕ್ಕ ಈ ಕಡೆಗೆ ಬಾಗಿ ಬಾಗಿಲು ಎಳೆದುಕೊಂಡರು. ಇಳಿಯಲಿಲ್ಲ.

ಮುದುಕಿ ಒಳಗೆ ಬಂದು, ಕಳಶಕ್ಕೆ ದೂರದಿಂದಲೇ ಕೈಮುಗಿದು, ಸೆರಗು ಇಳಿಸಿದರು. ಸೊಂಟದವರೆಗಿದ್ದ ಜಡೆ ಇರಲಿಲ್ಲ. ಬಿಳಿ ಕೂದಲು ಕುತ್ತಿಗೆಯ ಮಟ್ಟಕ್ಕೆ ನೇರವಾಗಿ, ಒಂದು ಎಳೆ ಹೆಚ್ಚಿಲ್ಲದೆ ಒಂದು ಎಳೆ ಕಡಿಮೆಯಿಲ್ಲದೆ ನಿಂತಿತ್ತು. ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಮೂವತ್ತು ಹೆಂಗಸರ ಕೈ ಒಟ್ಟಿಗೇ ತಂತಮ್ಮ ಕೂದಲಿಗೆ ಹೋಯಿತು.

“ಅಮ್ಮಾ! ಏನಿದು! ಹಬ್ಬದ ದಿನ!” ಎಂದ ಸಂದೀಪ್.

“ಪರೀಕ್ಸೆ ಕಣ್ಲಾ. ವಿಜಯವ್ವನ ಪರೀಕ್ಸೆ. ಪಾಸಾದ್ಲು.”

“ನನಗೊಂದು ಮಾತು ಹೇಳ್ಬಾರ್ದಿತ್ತಾ?”

“ನೀನ್ ನಂಗೊಂದ್ ಮಾತು ಕೇಳ್ದ್ಯಾ? ಅಮ್ಮ ಒಪ್ಪಕಿಲ್ಲ ಅಂದ್ಬುಟ್ಟೆ. ಅಮ್ಮ ಅಲ್ಲೇ ಸೊಪ್ಪು ಬುಡುಸ್ತಾ ಕುಂತಿದ್ಲು. ಒಪ್ತೀಯೇನವ್ವಾ ಅಂತ ಯಾರ್ ಕೇಳುದ್ರಿ? ನನ್ ಹೆಸ್ರು ಹೇಳಿ ಆ ಹೆಣ್ಮಗಳ ಒಂಟಿ ಮಾಡ್ಬುಟ್ರಿ. ಅದ್ಕೇಯ ಗುರುವಾರ ನಾನೇ ಫೋನ್ ಮಾಡ್ದೆ, ಎಷ್ಟೊತ್ಗೆ ಗಾಡಿ ತತ್ತೀಯವ್ವಾ ಅಂತ.”

“ಅಲ್ಲಮ್ಮಾ, ಶುಕ್ರವಾರ…”

“ಸುಕ್ರವಾರ ನಿಮ್ಗೆ. ಲಕ್ಸ್ಮಿ ನಿಮ್ಗೆ. ನಂಗೇನದೆ? ನಿಮ್ಮಪ್ಪ ಹೋದ್ಮೇಲೆ ಹಬ್ಬದ ದಿನ ನಾನು ರೂಮಲ್ಲಿ ಕುಂತಿರೋದೇ ತಾನೆ. ಅವ್ಳೂ ಅವ್ಳ ಮನೇಲಿ ಹಂಗೇಯ ಕುಂತವ್ಳೆ. ಕುಂತಿದ್ದೋರಿಬ್ರೂ ಎದ್ದೋದೋ, ಅಷ್ಟೇಯ.”

ಚಿಕ್ಕತಾಯಮ್ಮ ನಮ್ಮ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

“ಪರೀಕ್ಸೆ ಆದ್ಮೇಲೆ ಅವ್ಳ ಮನೇಗೋಗಿ, ಅವ್ಳ ಕೂರುಸ್ಕಂಡು ತಲೆಗೆ ಎಣ್ಣೆ ಇಟ್ಟೆ. ನಿಧಾನಕ್ಕೆ ತಟ್ಟಿ ತಟ್ಟಿ ಇಟ್ಟೆ. ‘ಎರಡು ವರ್ಷದ ಮೇಲಾಯ್ತಮ್ಮ, ನನ್ನ ತಲೆ ಯಾರೂ ಮುಟ್ಟಿರ್ಲಿಲ್ಲ’ ಅಂತ ಅತ್ತುಬುಟ್ಲು. ಒಂದೊತ್ತು ಅತ್ಲು. ನಿಮ್ದೆಲ್ಲಾರ್ದೂ ತಲೆ ಮುಟ್ಟವ್ಳೆ ಅಲ್ವಾ ಅವ್ಳು?”

“ಒಳಗೆ ಕರೀಬೇಕಿತ್ತು ನೀವು,” ಎಂದೆ ನಾನು, ಏನಾದರೂ ಹೇಳಬೇಕಲ್ಲ ಎಂದು.

“ಕರ್ದೆ. ‘ಕರೀಬೇಕಾದೋರು ಕರೀಲಿಲ್ಲವಲ್ಲಮ್ಮ’ ಅಂದ್ಲು.”

ಕಾರು ಇನ್ನೂ ಹೋಗಿರಲಿಲ್ಲ. ವಿಜಯಕ್ಕ ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತಿದ್ದು ಕಾಣುತ್ತಿತ್ತು. ಬಾಗಿಲಿನಿಂದ ಆ ಕಾರಿಗೆ ಇಪ್ಪತ್ತು ಹೆಜ್ಜೆ. ನನ್ನ ಕೈಯಲ್ಲಿ ಕುಂಕುಮ ಇತ್ತು, ಕಾಲಿಗೆ ಏನೂ ಆಗಿರಲಿಲ್ಲ. ಯಾರಾದರೂ ಮೊದಲು ಹೋದರೆ ಹಿಂದೆ ಹೋಗೋಣ ಎಂದು ನಿಂತೆ. ಎಲ್ಲರೂ ಹಾಗೇ ನಿಂತಿದ್ದರೆಂದು ಕಾಣುತ್ತದೆ. ಕಾರು ಹೊರಟು, ತಿರುವಿನಲ್ಲಿ ಇಂಡಿಕೇಟರ್ ಹಾಕಿ, ಹೋಯಿತು.

ಈಗ ನಿಜ ಹೇಳುತ್ತೇನೆ. ನನಗೆ ಶುಕ್ರವಾರದ ನಂಬಿಕೆ ಇಲ್ಲ. ಮಂಗಳವಾರದ್ದೂ ಇಲ್ಲ, ಅಮಾವಾಸ್ಯೆಯದ್ದೂ ಇಲ್ಲ. ನಮ್ಮ ಮನೆಯಲ್ಲಿ ಕಳಶ ಇಡುವುದು ಅತ್ತೆ ಬಂದ ವರ್ಷ ಮಾತ್ರ. ಆ ಪರೀಕ್ಷೆ ಬುಧವಾರ ಇದ್ದಿದ್ದರೂ ನಾನು ಬೇರೆ ನೆವ ಹುಡುಕುತ್ತಿದ್ದೆ. ಕುಣಿಯಲಾರದವಳಿಗೆ ನೆಲ ಡೊಂಕು. ವಿಜಯಕ್ಕ ಪಾಸಾಗುವುದು ನಮಗೆ ಬೇಕಿರಲಿಲ್ಲ. ಅಡುಗೆಮನೆಯಲ್ಲಿ ಹದಿನೈದು ಡಾಲರಿಗೆ, ನಮಗೆ ಬೇಕಾದ ಭಾನುವಾರ, ಕಾಫಿಯ ಸಮೇತ ಸಿಗುವ ಕೈ, ಲೈಸೆನ್ಸ್ ಬಂದ ಮರುದಿನ ಸಲೂನಿಗೆ ಹೋಗುತ್ತದೆ. ಅಲ್ಲಿ ನಲವತ್ತೈದು, ಮೇಲೆ ಟಿಪ್ಸು, ಅಪಾಯಿಂಟ್‌ಮೆಂಟು. ನಾನು ಇದನ್ನು ಮೊದಲೇ ಲೆಕ್ಕ ಹಾಕಿದ್ದೆ. ಬಾಯಿಬಿಟ್ಟು ಹೇಳದಿದ್ದರೂ ಉಳಿದವರೂ ಹಾಕಿದ್ದರೆಂದು ನನಗೆ ಗೊತ್ತು. ಗೇಟ್ ಹಾಕಿಕೊಂಡು ಕೂತವರು ಯೂರೋಪಿನಲ್ಲಿ ಮಾತ್ರ ಇದ್ದಾರೆ ಎಂದುಕೊಂಡಿದ್ದ ಸಂದೀಪ್. ಆ ಮೂರನೇ ಮಹಡಿಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದು ನಾವೇ, ಅಕ್ಕಾ ಅಕ್ಕಾ ಎನ್ನುತ್ತ.

ಸೆಪ್ಟೆಂಬರ್ ಒಂದಕ್ಕೆ ಅವರು ಸಲೂನ್ ಸೇರಿದರು. ಗ್ರೂಪಿನಲ್ಲಿ ಮತ್ತೆ ಹೂವಿನ ಚಿತ್ರಗಳು ಬಂದವು. ಅಕ್ಟೋಬರಿನಲ್ಲಿ ಚಿಕ್ಕತಾಯಮ್ಮ ಊರಿಗೆ ಹೊರಟರು. ಏರ್‌ಪೋರ್ಟಿಗೆ ಬಿಟ್ಟುಬಂದದ್ದು ವಿಜಯಕ್ಕ ಎಂದು ನಂದಿತಾ ಹೇಳಿದಳು. ಅಷ್ಟರಲ್ಲಿ ಬಾಥೆಲ್‌ನಲ್ಲಿ ಇನ್ನೊಬ್ಬಾಕೆ ಮನೆಯಲ್ಲೇ ಹುಬ್ಬು ತೆಗೆಯುತ್ತಾಳೆ, ಅಗ್ಗ, ಎಂದು ಸುದ್ದಿ ಬಂತು. ನಲವತ್ತರಲ್ಲಿ ಬಹುಪಾಲು ಆ ಕಡೆ ಹೊರಳಿತು. ನಾನೂ ಎರಡು ಸಲ ಹೋದೆ. ಎರಡು ಹುಬ್ಬು ಎರಡು ದಿಕ್ಕು ನೋಡಿದವು.

ಡಿಸೆಂಬರಿನಲ್ಲಿ ಒಂದು ದಿನ ಆಫೀಸಿನಿಂದ ಬೇಗ ಹೊರಟು ಸಲೂನಿಗೆ ಹೋದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎಂಬಂತೆ ಕಾರಿನಲ್ಲೇ ಹತ್ತು ನಿಮಿಷ ಕೂತಿದ್ದು ಆಮೇಲೆ ಇಳಿದೆ. ಅವರ ಕುರ್ಚಿ ಕೊನೆಯದು. ಕನ್ನಡಿಯ ಪಕ್ಕದಲ್ಲಿ ಗಾಜು ಹಾಕಿದ ಲೈಸೆನ್ಸ್. ಅದರ ಕೆಳಗೆ ಒಂದು ಚಿಕ್ಕ ಫೋಟೋ, ಯಾವುದೋ ಪಾರ್ಕಿಂಗ್‌ನಲ್ಲಿ ಚಿಕ್ಕತಾಯಮ್ಮ ಮೋಟುಗೂದಲಿನಲ್ಲಿ ಬಾಯ್ತುಂಬ ನಗುತ್ತಿರುವುದು.

“ಕೂತ್ಕೊಳ್ಳಿ,” ಎಂದರು ವಿಜಯಕ್ಕ. ಮುಖದಲ್ಲಿ ಕೋಪವಿಲ್ಲ, ಬೇರೆ ಏನೂ ಇಲ್ಲ. ಕಪ್ಪು ಬಟ್ಟೆಯನ್ನು ಕುತ್ತಿಗೆಗೆ ಸುತ್ತಿದರು. “ಎಷ್ಟು ತೆಗೀಲಿ?”

“ಎರಡು ಇಂಚು ಅಕ್ಕಾ.”

ಅದೇ ಕೈ. ಕಿವಿಯ ಹಿಂದೆ ಅದೇ ಹಗುರ ಬೆರಳು. ತಪ್ಪಾಯಿತು ಎನ್ನಬೇಕೆಂದೇ ಬಂದಿದ್ದೆ. ಬಾಯಿ ತೆರೆದರೆ ಬಂದದ್ದು ಬೇರೆ. “ಅವತ್ತು ಬರೋಕಾಗ್ಲಿಲ್ಲ ಅಂತ ತುಂಬ ಬೇಜಾರಾಯ್ತು ಅಕ್ಕಾ. ನಿಮಗೆ ಗೊತ್ತಲ್ಲ, ನಮ್ಮನೇಲಿ ಶುಕ್ರವಾರ ಅಂದ್ರೆ…”

“ಇವತ್ತೂ ಶುಕ್ರವಾರಾನೇ,” ಎಂದರು.

ಕನ್ನಡಿಯಲ್ಲಿ ನನ್ನ ಮುಖ ನನಗೇ ಕಂಡಿತು. ಅವರು ಕತ್ತರಿ ನಿಲ್ಲಿಸಲಿಲ್ಲ.

“ಜೂನ್‌ನಲ್ಲಿ ತಮ್ಮನ ಮದುವೆಗೆ ಹೊರಟಿದ್ರಲ್ಲ, ಆವಾಗ ಕತ್ತರಿಸಿದ್ದೂ ಶುಕ್ರವಾರ. ನೀವು ಬಾಗಿಲು ತಟ್ಟಿದಾಗ ನಾನು ಲಕ್ಷ್ಮಿ ಮುಂದೆ ದೀಪ ಹಚ್ತಿದ್ದೆ.”

ಹಾಗಾದರೆ ಆ ಭಾನುವಾರ ದಾರ ಕೈಯಲ್ಲಿ ಹಿಡಿದು, ನನ್ನ ಕಣ್ಣಲ್ಲಿ ಕಣ್ಣಿಟ್ಟು, “ನೀನು?” ಎಂದು ಕೇಳಿ ಕಾದಾಗಲೂ ಅವರಿಗೆ ಅದು ನೆನಪಿತ್ತು. ನಾನು ಸುಳ್ಳು ಹೇಳುವುದನ್ನು ನೋಡಿಕೊಂಡೇ ನನಗೆ ಕಾಫಿ ಕೊಟ್ಟಿದ್ದರು.

ಮುಗಿದ ಮೇಲೆ ಬ್ರಷ್ಷಿನಿಂದ ಕುತ್ತಿಗೆ ಝಾಡಿಸಿ, ಹಿಂದೆ ಕನ್ನಡಿ ಹಿಡಿದು, “ಸರಿಯಾಗಿದೆಯಾ ನೋಡಿ,” ಎಂದರು. ನಾನು ನೋಡದೆಯೇ ಸರಿಯಾಗಿದೆ ಎಂದೆ. ಬಟ್ಟೆ ಬಿಚ್ಚಿ ಕೊಡವಿದರು, ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡರು, ನಾನು ಕುರ್ಚಿಯಿಂದ ಇಳಿಯುವ ಮೊದಲೇ ನನ್ನ ಕೂದಲನ್ನೆಲ್ಲ ಗುಡಿಸಿ ಕಸದ ಡಬ್ಬಿಗೆ ಹಾಕಿದರು.